‘ಮಾತು ಕೇಳಲ್ಲ’ ಅಂದರೆ ಯಾವ ಕೇಳುವುದು?

“ಇವರು ನನ್ನ ಮಾತು ಕಿವಿಗೇ ಹಾಕಿಕೊಳ್ಳಲ್ಲ ಡಾಕ್ಟ್ರೇ.” ಅರವತ್ತು ದಾಟಿದ ಯಜಮಾನರ ಪಕ್ಕ ಕೂತು ಅವರ ಹೆಂಡತಿ ಹೀಗೆ ಹೇಳುವುದನ್ನು ನನ್ನ ಕ್ಲಿನಿಕ್ಕಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಪರೀಕ್ಷೆ ಮಾಡಿದರೆ ಬಹಳ ಸಲ ಗೊತ್ತಾಗುವುದೇ ಬೇರೆ. ಮಾತು ಅರ್ಧ ಮಾತ್ರ ಒಳಗೆ ಹೋಗುತ್ತಿರುತ್ತದೆ.

ಈ ತಪ್ಪು ತಿಳಿವಳಿಕೆಗೆ ನಮ್ಮ ಪದಗಳೂ ಒಂದಿಷ್ಟು ಕಾರಣ. ಕನ್ನಡದಲ್ಲಿ ‘ಕೇಳು’ ಅಂದರೆ ಸದ್ದು ಕಿವಿಗೆ ಬೀಳುವುದೂ ಹೌದು, ಹೇಳಿದಂತೆ ನಡೆಯುವುದೂ ಹೌದು. ಕಿವಿಗೊಡು, ಕಿವಿಮಾತು, ಕಿವಿ ಹಿಂಡು ಎಂಬಲ್ಲೆಲ್ಲ ಕಿವಿ ಬರೀ ಅಂಗವಲ್ಲ, ಮನಸ್ಸಿನ ಬಾಗಿಲು. ಚಾಡಿ ನಂಬುವವರದು ಹಿತ್ತಾಳೆ ಕಿವಿ.

‘ಕಿವಿ’ ತುಂಬಾ ಹಳೆಯ ಪದ. ತುಳುವಿನಲ್ಲಿ ಕೆಬಿ, ಕೊಡವದಲ್ಲಿ ಕೆವಿ. ತಮಿಳು, ತೆಲುಗು, ಮಲಯಾಳದಲ್ಲಿ ಚೆವಿ. ದೂರದ ಬಲೂಚಿಸ್ತಾನದ ಬ್ರಾಹುಯಿಯಲ್ಲೂ ಇದರ ನೆಂಟ ಪದವಿದೆ. ಮೂಲದಲ್ಲಿದ್ದದ್ದು ಕಕಾರವೇ. ಇ, ಎ ಸ್ವರದ ಮುಂದೆ ಆ ಮೂರು ಭಾಷೆಗಳು ಅದನ್ನು ಚಕಾರ ಮಾಡಿಕೊಂಡವು, ಕನ್ನಡ ಹಾಗೇ ಉಳಿಸಿಕೊಂಡಿತು. ನಾವು ಬದಲಿಸಿದ್ದು ಸ್ವರವನ್ನು: ತಮಿಳಿನ ‘ಎಲಿ’ ನಮ್ಮಲ್ಲಿ ಇಲಿ ಆಗಿರುವಂತೆ, ಎಕಾರ ಇಕಾರವಾಯಿತು. ಆದರೆ ‘ಕೇಳು’ ತಮಿಳಿನಲ್ಲೂ ‘ಕೇಳ್’. ಕಕಾರ ಚಕಾರವಾಗುವುದನ್ನು ಪಕ್ಕದಲ್ಲಿರುವ ಳಕಾರ ತಡೆಯಿತು. ಎಷ್ಟು ಚೆಂದದ ಲೆಕ್ಕ ಅಲ್ವಾ!

‘ಕಿವುಡು’ ಹುಟ್ಟಿದ್ದೂ ಕಿವಿಯಿಂದಲೇ. ಕುರುಡಿನಲ್ಲಿ ಕಣ್ಣಿಲ್ಲ, ಕಿವುಡಿನಲ್ಲಿ ಮಾತ್ರ ಕಿವಿ ಉಳಿದಿದೆ. (ಮೂಗನಿಗೂ ಮೂಗಿಗೂ ಸಂಬಂಧವಿಲ್ಲ. ಅದು ಸಂಸ್ಕೃತದ ‘ಮೂಕ’.) ಕಿವುಡು ಅನ್ನಿಸಿಕೊಳ್ಳಲು ಯಾರಿಗೂ ಇಷ್ಟವಿಲ್ಲ. ಬಂದವರು “ಕಿವಿ ಸ್ವಲ್ಪ ಮಂದ” ಅನ್ನುತ್ತಾರೆ. ನನಗೂ ಈ ಮಾತೇ ಇಷ್ಟ. ಯಾಕೆಂದರೆ ಕೇಳಿಸುವುದು, ಕೇಳಿಸದಿರುವುದು ಅಂತ ಎರಡೇ ಸ್ಥಿತಿಗಳಿಲ್ಲ.

ವಯಸ್ಸಾದಂತೆ ಮೊದಲು ಹೋಗುವುದು ಚೂಪಾದ ಸದ್ದುಗಳು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರ ಬುಡದ ಸೂಕ್ಷ್ಮ ಕೋಶಗಳು ಈ ಸದ್ದುಗಳನ್ನು ಹಿಡಿಯುತ್ತವೆ. ಅವು ಸವೆದರೆ ಸ, ಶ, ತ ಮಸುಕಾಗುತ್ತವೆ. ಆ, ಓ ಗಟ್ಟಿಯಾಗೇ ಕೇಳುತ್ತವೆ. “ಸಾರು ಬೇಕಾ?” ಅಂದದ್ದು “ಆರು ಬೇಕಾ?” ಅಂತ ಕೇಳಿಸಬಹುದು. ಅದಕ್ಕೇ ಅವರು “ಸದ್ದು ಕೇಳಿಸುತ್ತೆ, ಏನಂದರು ಅಂತ ಗೊತ್ತಾಗಲ್ಲ” ಅನ್ನುವುದು. ಅದು ನೆಪವಲ್ಲ.

ಹಾಗಾಗಿ ಸುಮ್ನೆ ಕಿರುಚಿದರೆ ಪ್ರಯೋಜನ ಕಡಿಮೆ. ಕಿರುಚಿದಾಗ ಸ್ವರಗಳೇ ಜಾಸ್ತಿ ದೊಡ್ಡದಾಗುತ್ತವೆ, ಸಕಾರ ಹಿಂದೆಯೇ ಉಳಿಯುತ್ತದೆ. ಮೊದಲು ಗುಗ್ಗೆ ಕಟ್ಟಿದೆಯಾ ನೋಡುತ್ತೇನೆ. ಅದನ್ನು ತೆಗೆದರೆ ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತದೆ. ಇಲ್ಲದಿದ್ದರೆ ಶ್ರವಣ ಪರೀಕ್ಷೆ, ಅಗತ್ಯವಿದ್ದರೆ ಯಂತ್ರ.

ಪರೀಕ್ಷೆಯ ಗೆರೆಗಳನ್ನು ತೋರಿಸಿ, “ಅಮ್ಮಾ, ಅಡುಗೆಮನೆಯಿಂದ ಕೂಗಬೇಡಿ. ಎದುರಿಗೆ ಬಂದು, ಮುಖ ಕಾಣುವಂತೆ ನಿಧಾನವಾಗಿ ಹೇಳಿ” ಅಂತ ಹೇಳಿ ಕಳಿಸುತ್ತೇನೆ.