ರೆಪ್ಪೆ ಹೊಲಿದು ಕಣ್ಣು ಉಳಿಸುವುದು

ಬಾಯಿ ಸೊಟ್ಟಗಾಯಿತು ಎಂದು ಬರುವವರ ಚಿಂತೆಯೆಲ್ಲ ಬಾಯಿಯದು. ವೈದ್ಯರು ಮೊದಲು ನೋಡಬೇಕಾದದ್ದು ಕಣ್ಣನ್ನು. ಮುಖದ ನರ ಸೋತರೆ ರೆಪ್ಪೆ ಮುಚ್ಚುವ ಸ್ನಾಯುವೂ ಸೋಲುತ್ತದೆ. ನಿದ್ದೆಯಲ್ಲೂ ಕಣ್ಣು ಅರೆತೆರೆದಿರುವುದರಿಂದ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಕೆಳಭಾಗ ಒಣಗಿ, ಮೇಲ್ಪದರ ಕಿತ್ತು ಹುಣ್ಣಾಗುತ್ತದೆ. ಬೆಲ್ಸ್ ಪಾಲ್ಸಿ, ಅಂದರೆ ಸ್ಪಷ್ಟ ಕಾರಣವಿಲ್ಲದೆ ಮುಖದ ನರ ಇದ್ದಕ್ಕಿದ್ದಂತೆ ಸೋಲುವುದು, ಆದ ಬಹುಪಾಲು ಜನರಿಗೆ ಹಗಲು ಹನಿ, ರಾತ್ರಿ ದಪ್ಪ ಮುಲಾಮು, ರೆಪ್ಪೆಗೆ ಟೇಪು ಸಾಕು; ಅಷ್ಟರಲ್ಲಿ ನರ ಚೇತರಿಸಿಕೊಳ್ಳುತ್ತದೆ. ಅಷ್ಟು ಸಾಲದವರಿಗೆ ಟಾರ್ಸೊರಾಫಿ, ಅಂದರೆ ಮೇಲಿನ ಮತ್ತು ಕೆಳಗಿನ ರೆಪ್ಪೆಯಂಚುಗಳನ್ನು ಸ್ವಲ್ಪ ದೂರ ಕೂಡಿಸಿಬಿಡುವುದು.

ಯಾರಿಗೆ ಬೇಕು? ಮೆಲ್ಲಗೆ ಕಣ್ಣು ಮುಚ್ಚಿದಾಗ ಎಷ್ಟು ಮಿ.ಮೀ. ಸಂದು ಉಳಿಯುತ್ತದೆ, ಆಗ ಗುಡ್ಡೆ ಮೇಲಕ್ಕೆ ಹೊರಳುತ್ತದೆಯೇ ಎಂದು ನೋಡುತ್ತೇವೆ. ಆಮೇಲೆ ಸ್ಪರ್ಶ ಉಳಿದಿದೆಯೇ ಎಂದು ತಿಳಿಯಲು ಹತ್ತಿಯ ಎಳೆಯಿಂದ ಕಾರ್ನಿಯಾ ಮುಟ್ಟುತ್ತೇವೆ. ಮರವಿನ ಹನಿ ಹಾಕುವ ಮೊದಲೇ ಇದನ್ನು ಮಾಡಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ನಿರ್ಧಾರವೂ ಬಹುಮಟ್ಟಿಗೆ ಇಲ್ಲೇ ಆಗುತ್ತದೆ. ಕಿವಿಯ ನರದ ಗೆಡ್ಡೆ ತೆಗೆದ ಮೇಲೆ, ಕುಷ್ಠರೋಗದಲ್ಲಿ, ಮುಚ್ಚುವ ಶಕ್ತಿ ಮತ್ತು ಸ್ಪರ್ಶ ಎರಡೂ ಒಟ್ಟಿಗೆ ಹೋಗಬಹುದು. ಹುಣ್ಣಾದರೂ ನೋವಿಲ್ಲ, ಹಾಗಾಗಿ ರೋಗಿ ದೂರುವುದೂ ಇಲ್ಲ. ಅಂಥ ಕಣ್ಣಿಗೆ ‘ಇನ್ನೊಂದು ತಿಂಗಳು ಹನಿ ಹಾಕಿ ನೋಡೋಣ’ ಎನ್ನುವುದು ನನ್ನ ಪ್ರಕಾರ ತಪ್ಪು.

ಸಾಮಾನ್ಯವಾಗಿ ಹೊರಮೂಲೆಯಿಂದ 5–8 ಮಿ.ಮೀ. ಕೂಡಿಸುತ್ತೇವೆ. ಕಣ್ಣಿನ ಅಗಲ ಸುಮಾರು 30 ಮಿ.ಮೀ. ಇರುವುದರಿಂದ ನಡುಭಾಗ ತೆರೆದೇ ಇರುತ್ತದೆ. ತೆರೆದ ಸಂದಿನ ಎತ್ತರವೂ ತುಸು ತಗ್ಗುತ್ತದೆ, ಲಾಭ ಇರುವುದೇ ಅದರಲ್ಲಿ. ಅಡ್ರಿನಲಿನ್ ಬೆರೆತ 2% ಲಿಗ್ನೊಕೇನ್ (ಮರವಿನ ಮದ್ದು) ಚುಚ್ಚಿ, ರೆಪ್ಪೆಯಂಚಿನಲ್ಲಿ ಕೂದಲಿನ ಹಿಂದೆ ಕಾಣುವ ಬೂದು ಗೆರೆ, ಅಂದರೆ ಗ್ರೇ ಲೈನ್ ಉದ್ದಕ್ಕೆ ಸುಮಾರು 2 ಮಿ.ಮೀ. ಆಳ ಸೀಳಬೇಕು. ಬಳಿಕ ಸೀಳಿನ ಹಿಂದಿನ ಅಂಚಿನ ತೆಳುಪದರವನ್ನು ಎರಡೂ ರೆಪ್ಪೆಯಲ್ಲಿ ಕತ್ತರಿಸಿ ತೆಗೆಯಬೇಕು. ಕಸಿ ಕಟ್ಟುವಾಗ ತೊಗಟೆ ಕೆತ್ತದಿದ್ದರೆ ಕೊಂಬೆ ಕೂಡುವುದಿಲ್ಲವಲ್ಲ, ಹಾಗೆಯೇ. ದಾರ ಎಷ್ಟೇ ಬಿಗಿಯಿರಲಿ, ಹಸಿಯಾಗದ ಅಂಚು ಹೊಲಿಗೆ ಬಿಚ್ಚಿದ ಮೇಲೆ ತೆರೆದುಕೊಳ್ಳುತ್ತದೆ. ಹೊಲಿಗೆ ಕೈಕೊಟ್ಟ ಪ್ರಕರಣಗಳಲ್ಲಿ ನಾನು ಮೊದಲು ಸಂಶಯಿಸುವುದು ಇದನ್ನೇ. ಕೆತ್ತುವಾಗ ಕೂದಲ ಬೇರಿಗೆ ಕೈ ತಾಗಿದರೆ ಮುಂದೆ ಕೂದಲು ಒಳಗೆ ತಿರುಗಿ ಕಾರ್ನಿಯಾವನ್ನೇ ಗೀರುತ್ತದೆ.

ಟಾರ್ಸಲ್ ಪ್ಲೇಟುಗಳನ್ನು (ರೆಪ್ಪೆಯೊಳಗಿನ ಗಟ್ಟಿ ಹಾಳೆಗಳನ್ನು) 6-0 ವಿಕ್ರಿಲ್ ಎಂಬ ತಾನಾಗಿ ಕರಗುವ ದಾರದಿಂದ ಅರ್ಧ ದಪ್ಪದಲ್ಲಷ್ಟೇ ಹೊಲಿಯಬೇಕು. ಸೂಜಿ ಒಳಬದಿಗೆ ಹೊರಟರೆ ದಾರ ಕಣ್ಣನ್ನು ಉಜ್ಜುತ್ತದೆ. ಹೊರಗೆ 5-0 ರೇಷ್ಮೆ ಅಥವಾ ಪ್ರೊಲೀನ್ ದಾರ (ತಾನಾಗಿ ಕರಗದವು), ಅದರಡಿಗೆ ಸಲೈನ್ ನಳಿಕೆಯನ್ನು ಉದ್ದಕ್ಕೆ ಸೀಳಿದ ತುಂಡು. ಆ ತುಂಡಿಲ್ಲದಿದ್ದರೆ ದಾರ ಚರ್ಮವನ್ನು ಕೊಯ್ದುಕೊಂಡು ಬರುತ್ತದೆ. ತೀರಾ ಬಿಗಿದರೆ ಅದರಡಿಯ ಚರ್ಮ ಕೊಳೆಯುತ್ತದೆ. ಎರಡು–ಮೂರು ವಾರಕ್ಕೆ ತೆಗೆಯುವುದು.

ನರ ಚೇತರಿಸುವ ಭರವಸೆ ಇದ್ದರೆ ಅಂಚು ಕೆತ್ತದೆ ಬರೀ ಹೊಲಿಗೆ ಹಾಕಿದರಾಯಿತು, ಕೆಲವು ವಾರ ಹಿಡಿದಿರುತ್ತದೆ. ಸೋಂಕಿನ ಹುಣ್ಣಿದ್ದರೆ ಮಾತ್ರ ಜೋಪಾನ: ಮುಚ್ಚಿದ ರೆಪ್ಪೆಯ ಹಿಂದೆ ಕೀವು ಬೆಳೆದರೆ ಗೊತ್ತಾಗುವುದಿಲ್ಲ. ಮೊದಲು ಸೋಂಕು ಹತೋಟಿಗೆ ಬರಲಿ.

ಮೇಲ್ರೆಪ್ಪೆಯೊಳಗೆ ಸುಮಾರು ಒಂದು ಗ್ರಾಂ ಚಿನ್ನದ ತೂಕ ಇಡುವ ಪದ್ಧತಿಯೂ ಇದೆ, ಅಂದಕ್ಕೆ ಅದೇ ಮೇಲು. ಆದರೆ ಅದು ಮುಚ್ಚುವುದು ಗುರುತ್ವದಿಂದ. ಅಂಗಾತ ಮಲಗಿದಾಗ ಸರಿಯಾಗಿ ಕೆಲಸ ಮಾಡದು. ಸ್ಪರ್ಶ ಸತ್ತ ಕಣ್ಣಿಗೆ ನನ್ನ ಆಯ್ಕೆ ಹೊಲಿಗೆಯೇ.

ಹೊಲಿಗೆ ಹಾಕಿದ ಮೇಲೂ ಹನಿ, ಮುಲಾಮು ನಿಲ್ಲಿಸಬಾರದು. ಹೊರಬದಿಯ ನೋಟ ಕಡಿಮೆಯಾಗುವುದರಿಂದ ಬೈಕ್ ಓಡಿಸುವವರು ಆ ಬದಿಗೆ ತಲೆ ತಿರುಗಿಸಿಯೇ ನೋಡಬೇಕು. ಕೂಡಿದ ರೆಪ್ಪೆಯನ್ನು ಮತ್ತೆ ಬಿಚ್ಚಬಹುದು: ಮರವಿನ ಇಂಜೆಕ್ಷನ್, ಕತ್ತರಿ, ಕೆಲವೇ ನಿಮಿಷ, ಅಂಚಿನಲ್ಲಿ ಸಣ್ಣ ಕಚ್ಚು ಉಳಿಯಬಹುದು. ಒಮ್ಮೆಲೇ ಪೂರ್ತಿ ಬಿಚ್ಚಿಸಿಕೊಳ್ಳುವುದು ಬೇಡ. ಒಂದೆರಡು ಮಿ.ಮೀ. ಬಿಚ್ಚಿ, ವಾರ ಬಿಟ್ಟು ಫ್ಲೋರೆಸೀನ್ ಬಣ್ಣ ಹಾಕಿ ನೋಡಬೇಕು. ಮೇಲ್ಪದರ ಕಿತ್ತಲ್ಲಿ ಬಣ್ಣ ಹಸಿರಾಗಿ ಕಾಣುತ್ತದೆ; ಕಾರ್ನಿಯಾದಲ್ಲಿ ಅಂಥ ಹಸಿರು ಚುಕ್ಕೆ ಕಾಣದಿದ್ದರಷ್ಟೇ ಮುಂದಿನ ತುಣುಕು.