ಕುಬುಸಕ್ಕಿಂತ ಮೊದಲಿನ ಊಟ

ನಮ್ಮ ಬಾಗಲಕೋಟೆ ಕಡೆ ಕುಬುಸದ, ಅಂದರೆ ಸೀಮಂತದ, ಊಟಕ್ಕೆ ಯಾರೂ ಕೊರತೆ ಮಾಡುವುದಿಲ್ಲ. ತವರಿನಿಂದ ಬುತ್ತಿ ಬರುತ್ತದೆ: ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ರೊಟ್ಟಿ, ಕಾಳುಪಲ್ಯ, ಗಟ್ಟಿ ಮೊಸರು. ಮಕ್ಕಳ ಡಾಕ್ಟರಾದ ನನಗೆ ಇದು ಬಹಳ ಇಷ್ಟ. ಆದರೆ ಕೂಸಿನ ಕೆಲವು ಜೀನ್‌ಗಳ ಮಟ್ಟಿಗೆ ಮುಖ್ಯವಾದ ಕಾಲ ಆಗಲೇ ದಾಟಿರುತ್ತದೆ.

ಹೆಚ್ಚಿನ ಜೀನ್‌ಗಳಲ್ಲಿ ಅಪ್ಪನಿಂದ ಬಂದ ಪ್ರತಿ, ಅಮ್ಮನಿಂದ ಬಂದ ಪ್ರತಿ ಎರಡೂ ಕೆಲಸ ಮಾಡುತ್ತವೆ. ಸುಮಾರು ನೂರು ಜೀನ್‌ಗಳಲ್ಲಿ ಮಾತ್ರ ಒಂದೇ ಪ್ರತಿ ದುಡಿಯುತ್ತದೆ, ಇನ್ನೊಂದು ಸುಮ್ನೆ ಇರುತ್ತದೆ. ಇವು ಇಂಪ್ರಿಂಟೆಡ್ ಜೀನ್‌ಗಳು. ಯಾವುದು ದುಡಿಯಬೇಕು ಎಂಬುದಕ್ಕೆ ಡಿಎನ್‌ಎ ಮೇಲೆ ಮಿಥೈಲ್ ಎಂಬ ಸಣ್ಣ ರಾಸಾಯನಿಕ ಗುರುತು ಇರುತ್ತದೆ. ಹೊಟ್ಟೆಯಲ್ಲಿ ಕೂಸು ಬೆಳೆಯಲು ಬೇಕಾದ ಐಜಿಎಫ್2 ಜೀನ್‌ನಲ್ಲಿ ಅಪ್ಪನ ಪ್ರತಿ ನಡೆಯುತ್ತದೆ.

1944-45ರ ಚಳಿಗಾಲದಲ್ಲಿ ಜರ್ಮನ್ ಸೇನೆಯ ತಡೆಯಿಂದ ನೆದರ್ಲೆಂಡ್ಸ್‌ನ ಪಶ್ಚಿಮ ಭಾಗದಲ್ಲಿ ಜನ ಉಪವಾಸ ಬಿದ್ದರು. ಆ ಹೊತ್ತಿಗೆ ಗರ್ಭದಲ್ಲಿ ಮೂಡಿದವರನ್ನು ಸುಮಾರು 60 ವರ್ಷಗಳ ನಂತರ ಅವರ ಒಡಹುಟ್ಟಿದವರ ಜೊತೆ ಹೋಲಿಸಿ ನೋಡಿದರು. 2008ರಲ್ಲಿ ವರದಿ ಬಂತು. ಐಜಿಎಫ್2 ಹತ್ತಿರದ ಮಿಥೈಲ್ ಗುರುತು ಹಸಿವಿನ ಹೊತ್ತಿಗೆ ಮೂಡಿದವರಲ್ಲಿ ಕಡಿಮೆಯಿತ್ತು. ಬಸಿರಿನ ಕೊನೆಯಲ್ಲಿ ಹಸಿವು ಕಂಡವರು ಹುಟ್ಟುವಾಗ ತೂಕ ಕಡಿಮೆಯಿದ್ದರು, ನಿಜ. ಆದರೆ ಅವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ! ವ್ಯತ್ಯಾಸ ದೊಡ್ಡದೇನಲ್ಲ, ಶೇ. 5ರಷ್ಟು. ಅದು ಹಣೆಬರಹವೂ ಅಲ್ಲ. ಅರವತ್ತು ವರ್ಷ ಅಳಿಸದೆ ಉಳಿಯಿತಲ್ಲ, ನನ್ನನ್ನು ಕಾಡುವುದು ಅದೇ.

'ಡಾಕ್ಟರ್ರೀ, ಹಾಲು ತುಪ್ಪ ಎಲ್ಲಾ ಕೊಟ್ಟೀವ್ರಿ, ಕೂಸು ಯಾಕ ಇಷ್ಟು ಸಣ್ಣದೈತಿ?' ಎಂದು ಅತ್ತೆಯಂದಿರು ಕೇಳುತ್ತಾರೆ. ಯಾವಾಗಿನಿಂದ ಕೊಟ್ಟಿರಿ ಎಂದರೆ ಆರನೇ ತಿಂಗಳು ಎನ್ನುತ್ತಾರೆ. ಅದಕ್ಕೂ ಮೊದಲು ಸೊಸೆ ಎಲ್ಲರದೂ ಆದ ಮೇಲೆ ಉಂಡಿರುತ್ತಾಳೆ. ಪಲ್ಯದ ಪಾತ್ರೆ ತಳ ಕಂಡಿರುತ್ತದೆ, ಉಳಿದದ್ದು ರೊಟ್ಟಿ, ಖಾರ. ಕಬ್ಬು ಕಡಿಯಲು ಗ್ಯಾಂಗಿನಲ್ಲಿ ಬರುವ ಹೆಣ್ಣುಮಕ್ಕಳದ್ದು ಇನ್ನೂ ಕಷ್ಟ. ಇದರಲ್ಲಿ ತಾಯಿಯ ತಪ್ಪೇನಿದೆ? ಅವಳ ತಟ್ಟೆಗೆ ಏನು ಬೀಳಬೇಕು ಎಂಬುದು ಅವಳ ಕೈಯಲ್ಲೇ ಇರುವುದಿಲ್ಲ, ಅಲ್ವಾ? 2017ರಿಂದ ಅಂಗನವಾಡಿಗಳಲ್ಲಿ ಮಾತೃಪೂರ್ಣ ಊಟ ಸಿಗುತ್ತಿದೆ, ಒಳ್ಳೆಯ ಕೆಲಸ. ಆದರೆ ಅದು ಬಸಿರೆಂದು ಹೆಸರು ಬರೆಸಿದ ಮೇಲಿನ ಮಾತು.

ಮಿಥೈಲ್ ಗುರುತಿಗೆ ಬೇಕಾದ ಸರಕು ಊಟದಿಂದಲೇ ಬರುತ್ತದೆ. ಫೋಲೇಟ್ ಎಂಬ ಜೀವಸತ್ವ ಮೆಂತ್ಯೆ ಸೊಪ್ಪು, ಹೆಸರುಕಾಳು, ಶೇಂಗಾದಲ್ಲಿದೆ. ಬಿ12 ಹಾಲು, ಮೊಸರು, ಮೊಟ್ಟೆಯಲ್ಲಿದೆ. ಹೊಸ ಸೊಸೆಯನ್ನು ಮೊದಲ ಪಂಕ್ತಿಗೇ ಊಟಕ್ಕೆ ಕೂಡಿಸಿ. ಮಗು ಬೇಕೆಂದು ಯೋಚಿಸಿದಾಗಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ (ಮಾತ್ರೆಯ ರೂಪದ ಫೋಲೇಟ್) ಶುರು ಮಾಡಲಿ. ಕೂಸಿನ ಬೆನ್ನುಹುರಿಯ ದೋಷವನ್ನು ಇದು ಬಹುಮಟ್ಟಿಗೆ ತಡೆಯುತ್ತದೆ ಎಂಬುದು ಸಾಬೀತಾದ ಮಾತು. ಮುಂದೆ ಬೆನ್ನುಹುರಿಯಾಗುವ ನಾಳ ಗರ್ಭ ನಿಂತ ನಾಲ್ಕನೇ ವಾರಕ್ಕೇ ಮುಚ್ಚಿಕೊಳ್ಳುತ್ತದೆ, ಎಷ್ಟೋ ಜನರಿಗೆ ಆಗಿನ್ನೂ ಬಸಿರೆಂದೇ ಗೊತ್ತಿರುವುದಿಲ್ಲ. ಮೂರ್ಛೆರೋಗದ ಮಾತ್ರೆ ತಗೊಳ್ಳುವವರು ಡೋಸ್ ಎಷ್ಟೆಂದು ಮೊದಲು ಡಾಕ್ಟರನ್ನು ಕೇಳಲಿ.