ನಿಕಲ್ ಪೂರ್ತಿ ಕೀಳಬೇಕಾ?

ದಾವಣಗೆರೆಯಲ್ಲಿ ಸೈಕಲ್‌ಗೆ ಬಣ್ಣ ಹೊಡೆಯುವ ನಮ್ಮ ಅಂಗಡಿಗೆ ಬರುವವರಲ್ಲಿ ಕ್ರೋಮ್ ಅನ್ನುವವರು ಕಡಿಮೆ. ಹ್ಯಾಂಡಲ್ ಆಗಲಿ, ರಿಮ್ ಆಗಲಿ, ಫಳಫಳ ಹೊಳೆದರೆ ಅದು ‘ನಿಕಲ್’. ಹೋದ ವಾರ ಒಬ್ಬ ಹುಡುಗ ಪೂರ್ತಿ ಕ್ರೋಮ್ ಇರುವ ಹಳೇ ಬಿಎಂಎಕ್ಸ್ ಸೈಕಲ್ ಫ್ರೇಮ್ ಹೊತ್ತುಕೊಂಡು ಬಂದ. ‘ಅಣ್ಣಾ, ಕಪ್ಪು ಬಣ್ಣ ಹೊಡೆದುಕೊಡಿ. ನಿಕಲ್ ನಾನೇ ಕೀಳ್ತೀನಿ, ಮನೇಲಿ ಆಸಿಡ್ ಇದೆ’ ಅಂದ. ಬಾತ್‌ರೂಮ್ ತೊಳೆಯೋ ಆಸಿಡ್. ‘ಅದನ್ನ ಮೊದಲು ಅಮ್ಮನಿಗೆ ವಾಪಸ್ ಕೊಡಪ್ಪಾ’ ಅಂದೆ.

ಜನ ನಿಕಲ್ ಅನ್ನುವುದರಲ್ಲಿ ತಪ್ಪೇನಿಲ್ಲ. ಮೇಲೆ ಕಾಣುವ ಕ್ರೋಮ್ ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪ ಕೂಡ ಇರುವುದಿಲ್ಲ. ಅದರ ಕೆಳಗೆ ಹತ್ತಿಪ್ಪತ್ತು ಪಟ್ಟು ದಪ್ಪಗೆ ಕೂತಿರುವುದು ನಿಕಲ್. ಉಕ್ಕಿಗೆ ತುಕ್ಕು ಹಿಡಿಯದಂತೆ ಕಾಯುವುದು ಮುಖ್ಯವಾಗಿ ಅದೇ. ಅದನ್ನು ಕಿತ್ತರೆ ಇದ್ದ ಕಾವಲುಗಾರನನ್ನೇ ಓಡಿಸಿದ ಹಾಗೆ. ನಮಗೆ ತೊಂದರೆ ಕೊಡುವುದು ಮೇಲಿನ ಹೊಳಪು ಮಾತ್ರ. ಅದು ಎಷ್ಟು ನುಣುಪು, ಎಷ್ಟು ಗಟ್ಟಿ ಅಂದರೆ ಬಣ್ಣಕ್ಕೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಸುಮ್ನೆ ಹೊಡೆದರೆ ಈರುಳ್ಳಿ ಸಿಪ್ಪೆ ತರ ಏಳುತ್ತದೆ.

ಆಸಿಡ್ ಕ್ರೋಮ್ ತೆಗೆಯುತ್ತದೆ, ಸುಳ್ಳಲ್ಲ. ಬುರುಬುರು ನೊರೆ ಬರುತ್ತದೆ, ನೀರು ಹಸಿರಾಗುತ್ತದೆ. ನೀಲಿ ಛಾಯೆಯ ಬಿಳುಪು ಹೋಗಿ ತುಸು ಹಳದಿ ಬಣ್ಣ ಕಂಡರೆ ನಿಕಲ್ ಬಂತು ಅಂತ ಅರ್ಥ. ಕೆಲಸ ಕಲಿಯುವ ಕಾಲದಲ್ಲಿ ನಾನೂ ಒಂದು ಫ್ರೇಮನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ಮುಳುಗಿಸಿಟ್ಟು ಮನೆಗೆ ಹೋಗಿದ್ದೆ. ಬೆಳಿಗ್ಗೆ ಬಂದು ನೋಡಿದರೆ ಗೋಡೆಗೆ ನೇತು ಹಾಕಿದ್ದ ಪಾನಾಗಳೆಲ್ಲ ಕೆಂಪಗೆ ತುಕ್ಕು ಹಿಡಿದಿದ್ದವು. ಬರೀ ಹೊಗೆಗೆ! ನನ್ನ ಗಂಟಲು ಹೇಗಿತ್ತೋ ಕೇಳಬೇಡಿ. ಫ್ರೇಮನ್ನು ಸೋಡಾ ಪುಡಿ ಕಲಸಿದ ನೀರಲ್ಲಿ ತೊಳೆದು ಬಣ್ಣ ಹೊಡೆದೆ, ಚೆನ್ನಾಗೇ ಬಂತು. ಒಂದು ಮಳೆಗಾಲ ಕಳೆಯಿತು. ಪೆಡಲ್ ಕೂರುವ ಜಾಗದ ಬೆಸುಗೆ ಸಂದಿಯಿಂದ ಕಂದು ನೀರು ಜಿನುಗತೊಡಗಿತು. ಸ್ಕ್ರೂಡ್ರೈವರ್ ಒತ್ತಿದೆ, ಪೈಪಿನೊಳಗೇ ಇಳಿಯಿತು.

ಫ್ರೇಮ್ ಅಂದರೆ ಪೈಪು ತಾನೇ? ಸಣ್ಣ ತೂತುಗಳಿಂದ ಆಸಿಡ್ ಒಳಗೆ ಹೋಗುತ್ತದೆ. ಒಳಗಡೆ ನಿಕಲ್ಲೂ ಇಲ್ಲ, ಬಣ್ಣವೂ ಇಲ್ಲ. ಎಷ್ಟೇ ತೊಳೆದರೂ ಸಂದಿಯಲ್ಲಿ ಉಳಿದದ್ದು ತಿನ್ನುತ್ತಲೇ ಇರುತ್ತದೆ.

ಇನ್ನು ಕೆಲವರು ಕಾಸ್ಟಿಕ್ ಸೋಡಾ ನೀರಿಗೆ ಬ್ಯಾಟರಿ ಚಾರ್ಜರ್ ವೈರ್ ಬಿಡುತ್ತಾರೆ. ದಯವಿಟ್ಟು ಬೇಡ. ಆ ನೀರು ಹಳದಿಯಾಗುತ್ತದಲ್ಲ, ಅದು ಕ್ಯಾನ್ಸರ್ ತರುವ ಜಾತಿಯ ಕ್ರೋಮಿಯಂ. ಮೋರಿಗೆ ಸುರಿಯುವಂಥದ್ದಲ್ಲ. ಪ್ಲೇಟಿಂಗ್, ಅಂದರೆ ಈ ಕ್ರೋಮ್-ನಿಕಲ್ ಲೇಪ, ಎಲ್ಲಾ ಕಡೆ ಎದ್ದಿದ್ದರೆ, ಪೂರ್ತಿ ಕೀಳಲೇಬೇಕಾದರೆ, ಪ್ಲೇಟಿಂಗ್ ಮಾಡುವವರಿಗೇ ಕೊಡಿ.

ಮಿಕ್ಕಿದ್ದಕ್ಕೆಲ್ಲ ನಾನು ಮಾಡುವುದು ಇಷ್ಟೇ. ಸೋಪು ಹಾಕಿ ತೊಳೆದು, ಥಿನ್ನರ್ ಬಟ್ಟೆಯಿಂದ ಎಣ್ಣೆ ಜಿಡ್ಡು ಒರೆಸುತ್ತೇನೆ. ಮೊದಲೇ ಉಜ್ಜಿದರೆ ಜಿಡ್ಡು ಗೀರುಗಳೊಳಗೆ ಸೇರಿಕೊಳ್ಳುತ್ತದೆ. ಗುಳ್ಳೆ ಎದ್ದ ಕಡೆ ಬ್ಲೇಡಿನಿಂದ ಕೆರೆಯುತ್ತೇನೆ. ಕೈಗವಸು ಇರಲಿ, ಎದ್ದ ಚಕ್ಕೆ ಗಾಜಿನ ಚೂರಿನ ಹಾಗೆ ಕುಯ್ಯುತ್ತದೆ. ತುಕ್ಕು ಹೋಗಿ ಅಂಚು ಬೆರಳಿಗೆ ತಾಗದ ಹಾಗೆ ಎಮರಿ ಪೇಪರ್ ಹಾಕಿ ಉಜ್ಜಬೇಕು. ಆಮೇಲೆ ಇಡೀ ಫ್ರೇಮಿಗೆ 180 ನಂಬರ್ ವಾಟರ್ ಪೇಪರ್, ನಂತರ 320. ನೀರು ಹಾಕಿಕೊಂಡೇ ಉಜ್ಜಿ. ಧೂಳು ಮೂಗಿಗೆ ಹೋಗಬಾರದು, ಮಾಸ್ಕ್ ಕೂಡ ಇರಲಿ. ಪೈಪ್ ಕೂಡುವ ಮೂಲೆಗಳಿಗೆ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ ವಾಸಿ. ಬಣ್ಣ ಏಳಲು ಶುರುವಾಗುವುದು ಅಲ್ಲೇ.

ಸಾಕಾಯಿತಾ ಅಂತ ತಿಳಿಯಲು ಮೇಲೆ ಒಂದು ಚೊಂಬು ನೀರು ಸುರಿಯಿರಿ. ನೀರು ಮುತ್ತು ಮುತ್ತಾಗಿ ನಿಂತರೆ ಕೆಲಸ ಬಾಕಿ ಇದೆ. ಒಂದೇ ಹಾಳೆಯಾಗಿ ಹರಡಿಕೊಂಡರೆ ಆಯಿತು. ಒಣಗಿಸಿ, ಮತ್ತೆ ಥಿನ್ನರ್ ಬಟ್ಟೆ ಆಡಿಸಿ, ಅವತ್ತೇ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ರೆಡ್ ಆಕ್ಸೈಡ್ ಪ್ರೈಮರ್ ಅಗ್ಗ, ಆದರೆ ನಿಕಲ್‌ಗೆ ಹೊಡೆಯಲು ನನಗೆ ಅದರ ಮೇಲೆ ನಂಬಿಕೆ ಇಲ್ಲ. ಸ್ಪ್ರೇ ಗನ್ ಹಿಡಿಯುವುದು ನಾನು ಬೆಳಿಗ್ಗೆಯೇ. ಬೇಸಿಗೆಯ ಮಧ್ಯಾಹ್ನ ಪಿ.ಬಿ. ರಸ್ತೆಯ ಧೂಳೆಲ್ಲ ಹಸಿ ಬಣ್ಣದ ಮೇಲೇ ಬಂದು ಕೂರುತ್ತದೆ.

ಹುಡುಗ ಮೂರು ದಿನದಿಂದ ಅಂಗಡಿ ಮುಂದೆ ಕೂತು ಉಜ್ಜುತ್ತಿದ್ದಾನೆ. ನಿನ್ನೆ ‘ಆಯ್ತಣ್ಣಾ’ ಅಂದ. ಸೀಟ್ ಪೈಪಿನ ಹಿಂದಿನ ಸಂದಿಗೆ ಟಾರ್ಚ್ ಬಿಟ್ಟೆ. ಇನ್ನೂ ಹೊಳೆಯುತ್ತಿತ್ತು.